ಸೋತ ದಿನ ಹೊರಡುತ್ತೇನೆ ಎಂದಿದ್ದ ಬೂತ್ ಅಕ್ಕ

ಮೊನ್ನೆ ಮನೆಯ ಗೋಡೆ ಗಡಿಯಾರ ನಿಂತುಹೋಯಿತು. ಕೆಳಗಿಳಿಸಿ ಹಿಂದಿನ ಮುಚ್ಚಳ ತೆಗೆದರೆ ಸೆಲ್ ಒಸರಿ, ಸ್ಪ್ರಿಂಗಿನ ಸುತ್ತ ಹಸಿರು ಹಿಟ್ಟು ಕಟ್ಟಿಕೊಂಡಿತ್ತು. ತೊಳೆಯದೆ ಬಿಟ್ಟ ತಾಮ್ರದ ಚೊಂಬಿನಂಥ ಹುಳಿ ವಾಸನೆ ಮೂಗಿಗೆ ಬಡಿಯಿತು. ಗಡಿಯಾರವನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಬೀರುವಿನ ಹತ್ತಿರ ಓಡಿದೆ. ಕೆಳಗಿನ ಖಾನೆಯಲ್ಲಿ, ಸೀರೆಗಳ ಅಡಿ, ಬಟ್ಟೆಯಲ್ಲಿ ಸುತ್ತಿಟ್ಟ ಅಂಗೈಯಗಲದ ವಿಡಿಯೋ ಗೇಮ್ ಒಂದಿದೆ. ಅದರೊಳಗೂ ಎರಡು ಸೆಲ್ ಬಿಟ್ಟಿದ್ದೇನೆಂಬುದು ಆಗಷ್ಟೇ ಹೊಳೆದಿತ್ತು.

ಆ ಗೇಮ್ ನನ್ನದಲ್ಲ. ಬೂತ್ ಅಕ್ಕನದು…

ಆಲ್ದೂರಿನ ಬಸ್ ನಿಲ್ದಾಣದ ಎದುರು ಅವರದೊಂದು ಎಸ್‌ಟಿಡಿ ಬೂತ್ ಇತ್ತು. ನಾನಾಗ ಹತ್ತನೇ ಕ್ಲಾಸು. ನಾಲ್ಕಕ್ಕೆ ಶಾಲೆ ಬಿಟ್ಟರೆ ನಮ್ಮೂರಿನ ಬಸ್ಸು ಐದೂಕಾಲಿಗೆ. ಅಲ್ಲಿಯವರೆಗೆ ಅಕ್ಕ ನನ್ನನ್ನು ಒಳಗೆ ಕರೆದು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಮೂವತ್ತರ ಆಸುಪಾಸಿನ ಸಣಕಲು ಜೀವ, ಬಾಯಿ ಮಾತ್ರ ಜೋರು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಹೃದಯದ ವಾಲ್ವ್ ಸರಿಯಿಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು. ಯಾರಾದರೂ ಆ ಮಾತು ತೆಗೆದರೆ ಅಕ್ಕನಿಗೆ ತಕ್ಷಣ ಯಾವುದೋ ಫೋನ್ ನಂಬರ್ ಒತ್ತುವ ಕೆಲಸ ಬಂದುಬಿಡುತ್ತಿತ್ತು.

ಗೇಮ್ ತಂದುಕೊಟ್ಟವರು ಅವರ ಅಣ್ಣ. ಮಂಗಳೂರು ಬಂದರಿನಲ್ಲಿ ಕೆಲಸದಲ್ಲಿದ್ದರು, ಹಡಗಿನವರ ಹತ್ತಿರ ಕೊಂಡಿದ್ದಂತೆ. ತಂಗಿ ಸುಮ್ಮನೆ ಕೂತು ಯೋಚನೆ ಮಾಡದಿರಲಿ ಎಂದು ತಂದದ್ದು, ಅಕ್ಕನಿಗೆ ಹುಚ್ಚೇ ಹಿಡಿಸಿತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಪರದೆಯ ಮೇಲಿನ ಇಂಗ್ಲಿಷ್ ಓದುತ್ತಿದ್ದರು. ತಲೆ ತಗ್ಗಿಸಿ ಗುಂಡಿ ಒತ್ತುತ್ತಿದ್ದುದನ್ನು ಕಂಡ ಗಿರಾಕಿಗಳು, ಪಾಪ ಏನೋ ದೊಡ್ಡ ಲೆಕ್ಕ ಹಾಕುತ್ತಿದ್ದಾರೆಂದು ಮರ್ಯಾದೆಯಿಂದ ಬಾಗಿಲಲ್ಲೇ ಕಾಯುತ್ತಿದ್ದರು.

ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ಆಟ ಅದು. ಅಕ್ಕ ಅವನ್ನು ಮರಿಗಳು ಎನ್ನುತ್ತಿದ್ದರು. ಕಥೆಯೆಲ್ಲ ಮುಗಿದ ಮೇಲೆ ಒಂದು ಟವರ್ ಸಿಗುತ್ತದೆ. ಅದರೊಳಕ್ಕೆ ಮೂರೇ ಮರಿಗಳನ್ನು ಒಯ್ಯಬೇಕು. ಎದುರಾಳಿಗಳು ಒಬ್ಬರ ಹಿಂದೊಬ್ಬರು ಬರುತ್ತಲೇ ಇರುತ್ತಾರೆ, ಗೆದ್ದಷ್ಟೂ ಎಣಿಕೆ ಏರುತ್ತದೆ. ಒಂದೇ ಒಂದು ಸಲ ಸೋತರೆ ಮತ್ತೆ ಸೊನ್ನೆ. ಅಕ್ಕ ಇಪ್ಪತ್ತು ದಾಟುತ್ತಿದ್ದರು, ಇಪ್ಪತ್ತೈದು ಮುಟ್ಟುತ್ತಿದ್ದರು, ಅಷ್ಟರಲ್ಲಿ ಯಾವನೋ ಬಂದು ಮಣ್ಣು ಮುಕ್ಕಿಸುತ್ತಿದ್ದ. ಫೋನ್ ಬಿಲ್ಲಿನ ಹಿಂಬದಿಯಲ್ಲಿ ಮರಿಗಳ ಹೆಸರು ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದರು. ಪ್ರತಿ ಸಲವೂ ಇದ್ದುದರಲ್ಲಿ ಬಲವಾದ ಮೂರನ್ನೇ ಆರಿಸುತ್ತಿದ್ದರು.

"ಮೂರೂ ಪೈಲ್ವಾನರೇ ಆದ್ರೆ ಹೇಗಕ್ಕ?" ಎಂದೆ ಒಂದು ದಿನ. "ನಮ್ಮಪ್ಪ ಹೊಸ ತೋಟ ಮಾಡುವಾಗ ಮೊದ್ಲು ಹಾಲವಾಣ ನೆಡ್ತಾರೆ."

ನಮ್ಮದು ಎರಡೆಕರೆ ಕಾಫಿ. ಹಾಲವಾಣ ಗಟ್ಟಿ ಮರವಲ್ಲ, ಮೆದು. ಬೇಗ ಬೆಳೆದು ಕಾಫಿ ಗಿಡಕ್ಕೆ ನೆರಳು ಕೊಡುತ್ತದೆ. ಆಮೇಲೆ ನೆಟ್ಟ ದೊಡ್ಡ ಮರಗಳು ಎದ್ದು ನಿಂತ ಮೇಲೆ ಅಪ್ಪ ಅದನ್ನು ಕಡಿದುಬಿಡುತ್ತಿದ್ದರು. ಟವರಿನಲ್ಲೂ ಮುಂದೆ ಅಂಥದೊಂದು ನಿಲ್ಲಬೇಕು, ಗೆಲ್ಲುವುದು ಅದರ ಕೆಲಸವಲ್ಲ ಎಂದು ವಿವರಿಸಿದೆ. ಅಕ್ಕ ನನ್ನನ್ನೇ ನೋಡಿದರು. "ಹೌದಲ್ಲ ಮಾರಾಯ್ತಿ! ಇಷ್ಟು ದಿನ ಎಲ್ಲಿಟ್ಟಿದ್ದೆ ಈ ತಲೆನ?"

ಅವತ್ತೇ ತಂಡ ಬದಲಾಯಿತು. ಮುಂದೆ ಒಂದು ಪುಟ್ಟ ಮರಿ. ಎದುರಾಳಿಯ ಕೈಕಾಲು ಮರಗಟ್ಟಿಸಿ, ಒಂದೆರಡು ಏಟು ತಿಂದು ಬಿದ್ದುಹೋಗುವುದಷ್ಟೇ ಅದರ ಪಾಲು. ಅದಕ್ಕೆ ಹಾಲವಾಣ ಎಂದೇ ಹೆಸರಿಟ್ಟೆವು. ಎರಡನೆಯದು ಮೆಣಸು, ಬಳ್ಳಿಯ ಹಾಗೆ ಹತ್ತಿಕೊಂಡು ಎದುರಿನವನ ಬಲ ಹೀರುವುದು. ಕೊನೆಗೆ ಹಲಸು, ಡೊಳ್ಳು ಹೊಟ್ಟೆಯ ಸೋಮಾರಿ. ಏಟು ಜಾಸ್ತಿಯಾದಾಗ ಗುಂಡಿ ಒತ್ತಿ ಮಲಗಿಸಿದರೆ, ಎದ್ದಾಗ ಪೂರಾ ಬಲ ಬಂದಿರುತ್ತಿತ್ತು. ಇಪ್ಪತ್ತೈದು ದಾಟಿತು, ಐವತ್ತು ದಾಟಿತು. ನೂರಾದ ದಿನ ಅಕ್ಕ ಎದುರಿನ ಹೋಟೆಲಿನಿಂದ ಬನ್ಸ್ ತರಿಸಿದರು. ಫೋನ್ ಮಾಡಲು ಬಂದವರಿಗೂ ಒಂದೊಂದು ಸಿಕ್ಕಿತು, ಯಾಕೆಂದು ಅವರಿಗೆ ಗೊತ್ತಾಗಲಿಲ್ಲ.

ಅದಾಗಿ ಎರಡು ಮೂರು ದಿನಕ್ಕೆ ಅವರ ಅಮ್ಮ ನನ್ನನ್ನು ಬೂತಿನ ಹೊರಗೆ ತಡೆದು ನಿಲ್ಲಿಸಿದರು. ಮಗಳಿಗೆ ಕಾಫಿ ಫ್ಲಾಸ್ಕ್ ತಂದಿದ್ದರು.

"ಮಗಾ, ಬೇಜಾರು ಮಾಡ್ಕೋಬೇಡ. ಅವಳು ನಿನ್ ಕೈಲಿ ಆಡೋಕೆ ಕೊಡ್ತಾಳಲ್ಲ, ಆಗ ಒಂದ್ಸಲ ಸೋತುಬಿಡು."

ನನಗೆ ಅರ್ಥವಾಗಲಿಲ್ಲ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಮಂಗಳೂರಿನಲ್ಲಿ ಆಪರೇಷನ್ನಿಗೆ ಎಲ್ಲ ಸಿದ್ಧವಾಗಿತ್ತು, ತಡಮಾಡಬಾರದೆಂದು ಡಾಕ್ಟರು ಎರಡು ಸಲ ಹೇಳಿದ್ದರು, ಅಣ್ಣ ಬಂದು ಬಂದು ಬರಿಗೈಲಿ ಹಿಂದಿರುಗಿದ್ದರು. "ಈ ಆಟ ಸೋತ ದಿನ ಹೊರಡ್ತೀನಿ ಅಂತ ಮಾತು ಕೊಟ್ಟಳು. ಆಗ ವಾರಕ್ಕೆರಡು ಸಲ ಸೋಲ್ತಿದ್ದಳು, ಆಯ್ತು ಅಂದ್ವಿ. ಈಗ ನೋಡಿದ್ರೆ ಸೋಲೋದೇ ಇಲ್ಲ. ಕೈಕಾಲು ಕಟ್ಟಿ ಕರ್ಕೊಂಡು ಹೋಗೋಕಾಗ್ತದಾ ಹೇಳು?"

ಒಳಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ, "ಆಪರೇಷನ್ ಅಂದ್ರೆ ಹೆದರಿಕೆಯಾ ಅಕ್ಕ?" ಎಂದು ಕೇಳಿಯೇಬಿಟ್ಟೆ. ಆವತ್ತು ಅವರು ಫೋನ್ ಮುಟ್ಟಲಿಲ್ಲ.

"ನಿದ್ದೆ ಬರಿಸಿ ಎದೆ ಕೊಯ್ತಾರಂತೆ. ಹಲಸು ಆದ್ರೆ ಮಲಗಿದ್ದು ಎದ್ದೇಳ್ತದೆ… ನಾನು ಏಳದಿದ್ರೆ?"

ಅಷ್ಟರಲ್ಲಿ ಯಾರೋ ಫೋನ್ ಮಾಡಲು ಗಡಿಬಿಡಿಯಲ್ಲಿ ಬಂದರು. ಅಕ್ಕ ಅರ್ಧ ಆಡಿದ್ದ ಗೇಮನ್ನು ನನ್ನ ಕೈಗೆ ತುರುಕಿ ನಂಬರ್ ಒತ್ತಲು ಎದ್ದರು. ಹಾಲವಾಣ ಬಿದ್ದಿತ್ತು, ಮೆಣಸೂ ಬಿದ್ದಿತ್ತು. ಹಲಸಿಗೆ ಒಂದು ಗೆರೆಯಷ್ಟು ಜೀವ ಉಳಿದಿತ್ತು, ಎದುರಿನವನಿಗೂ ಅಷ್ಟೇ. ಹೊಡೆದರೆ ಗೆಲುವು. ಮಲಗಿಸಿದರೆ ಸೋಲು, ಆ ಎದುರಾಳಿ ನಿದ್ದೆಯಲ್ಲಿದ್ದವರ ಜೀವವನ್ನೇ ಹೀರುವವನು. ನನ್ನ ಬೆರಳು ಮಲಗಿಸುವ ಗುಂಡಿಯ ಮೇಲೇ ಇತ್ತು. ಇದನ್ನು ನಾನು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ, ಅಲ್ಲೇ ಇತ್ತು. ಗಾಜಿನ ಆಚೆಯಿಂದ ಅಕ್ಕ ಕತ್ತು ಚಾಚಿ, ಗೆದ್ವಾ ಎಂದು ಹುಬ್ಬು ಹಾರಿಸಿದರು. ನಾನು ಹೊಡೆದೆ.

ಅಕ್ಕನ ಮುಖ ನೋಡಿ ಹಾಗೆ ಮಾಡಿದೆ ಎಂದು ತುಂಬಾ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಅದು ನಾನು ಕಟ್ಟಿದ ತಂಡವಾಗಿತ್ತು, ನನ್ನ ಕೈಯಲ್ಲಿ ಅದು ಸೋಲುವುದು ನನಗೆ ಬೇಕಿರಲಿಲ್ಲ. ಅವರ ಅಮ್ಮ ಮತ್ತೆ ಕೇಳಲಿಲ್ಲ. ನನ್ನನ್ನು ಕಂಡಾಗ ಮೊದಲಿನ ಹಾಗೇ ನಗುತ್ತಿದ್ದರು, ನಾನೇ ಮುಖ ತಪ್ಪಿಸುತ್ತಿದ್ದೆ.

ಪರೀಕ್ಷೆಯ ಓದಿನ ರಜೆ ಮುಗಿಸಿ ಹಾಲ್ ಟಿಕೆಟ್ ತರಲು ಬಂದ ದಿನ ಬೂತಿನ ಶಟರ್ ಎಳೆದಿತ್ತು. ಹಿಂದಿನ ದಿನ ಅಕ್ಕನಿಗೆ ಉಸಿರು ಕಟ್ಟಿದೆ, ಜೀಪಿನಲ್ಲಿ ಮಂಗಳೂರಿಗೆ ಹೊರಟಿದ್ದಾರೆ. ಕೊಟ್ಟಿಗೆಹಾರ ತಲುಪುವ ಮೊದಲೇ ಎಲ್ಲ ಮುಗಿದಿತ್ತು ಎಂದು ಬನ್ಸ್ ಕೊಟ್ಟ ಹೋಟೆಲಿನವರು ಹೇಳಿದರು. ನಾನು ಬಸ್ ನಿಲ್ದಾಣದಲ್ಲಿ ಎಲ್ಲರೆದುರಿಗೇ ಅತ್ತೆ.

ತಿಂಗಳಾದ ಮೇಲೆ ಅವರ ಅಮ್ಮ ಗೇಮನ್ನು ನನಗೆ ಕೊಟ್ಟರು. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ, ಅವರು ನನ್ನ ಕೆನ್ನೆ ಸವರಿದರು. "ನೀನು ಸೋತಿದ್ರೂ ಅವಳು ಇನ್ನೊಂದು ನೆಪ ಹುಡುಕ್ತಿದ್ದಳು ಮಗಾ." ಇರಬಹುದು. ಹುಡುಕದೆಯೂ ಇರಬಹುದಿತ್ತು…

ಮೊನ್ನೆ ಗೇಮಿನೊಳಗಿನ ಸೆಲ್‌ಗಳೂ ಒಸರಿದ್ದವು. ನಿಂಬೆರಸ ಹಚ್ಚಿ, ಹಳೆ ಬ್ರಷ್‌ನಿಂದ ಉಜ್ಜಿ, ಹೊಸ ಸೆಲ್ ಹಾಕಿದೆ. ಪರದೆ ಬೆಳಗಿತು. ಹಾಲವಾಣ, ಮೆಣಸು, ಹಲಸು, ಮೂವರೂ ಅಕ್ಕ ಬಿಟ್ಟುಹೋದಲ್ಲೇ ಇದ್ದರು. ಸತತ ಗೆಲುವು ನೂರ ಅರವತ್ತೊಂದು. ನಾನಿಲ್ಲದಾಗಲೂ ಅಕ್ಕ ಗೆಲ್ಲುತ್ತಲೇ ಇದ್ದರು.

ಟವರಿನೊಳಗೆ ಹೋದೆ. ಬೇಕೆಂದೇ ತಪ್ಪು ಗುಂಡಿಗಳನ್ನು ಒತ್ತಿದೆ. ಅಷ್ಟು ಚೆನ್ನಾಗಿ ಕಟ್ಟಿದ ತಂಡವನ್ನು ಸೋಲಿಸುವುದು ಸುಲಭವಿರಲಿಲ್ಲ. ಮೊದಲಿಬ್ಬರು ಬಿದ್ದ ಮೇಲೂ, ಹೊಡೆಯದೆ ಬರೀ ಮಲಗಿಸಿದರೂ, ಹಲಸು ಮತ್ತೆ ಮತ್ತೆ ಏಳುತ್ತಿತ್ತು. ಕೊನೆಗೆ ಒಮ್ಮೆ ಬಿತ್ತು. ಎಣಿಕೆ ಸೊನ್ನೆಗೆ ಬಂತು.

"ಸೋತ್ವಿ ಅಕ್ಕ," ಎಂದೆ. ಖಾಲಿ ಮನೆಯಲ್ಲಿ ಗಟ್ಟಿಯಾಗಿಯೇ ಹೇಳಿದೆ. "ಇನ್ನು ಹೊರಡಿ."