ಗಾಳಿಗೆ ನೀರು ಕುಡಿಸಿದವನು

ಕಮಲಾಪುರದಿಂದ ಕಿಟಕಿಗೆ ಕಟ್ಟುವ ಲಾವಂಚದ ಬೇರಿನ ತಟ್ಟಿ ಹೊತ್ತು ಮಾರಲು ಬರುತ್ತಿದ್ದ ಆ ಮುದುಕ ಮನೆಯೊಳಗೆ ಕಾಲಿಟ್ಟವನೇ ಒದ್ದೆ ಬೆರಳೆತ್ತಿ ಗಾಳಿಯ ದಿಕ್ಕು ನೋಡುತ್ತಿದ್ದ. "ಬಿಜಲಿ ಪಂಖಾ ಯಾಕ್ರೀ ಅವ್ವಾರ? ಗಾಳಿಗೆ ನೀರ ಕುಡಸ್ರಿ!" ಎಲ್ಲರಿಗೂ ಅದೊಂದೇ ಮಾತು.

ಪೊಲೀಸ್ ಆ್ಯಕ್ಷನ್ ಆದ ಮೇಲಿನ ಮೊದಲ ಬೇಸಿಗೆ. ನಾನಾಗ ಹೊಸ ಸೊಸೆ. ಕಲಬುರಗಿಯ ನಮ್ಮ ಬಾಡಿಗೆ ಮಾಳಿಗೆ ಕಾದ ಹಂಚಾಗಿತ್ತು. ರಜಾಕಾರರ ಹಾವಳಿಗೆ ಹೆದರಿ ಅತ್ತೆ ಹಲಗೆ ಬಡಿಸಿ ಮುಚ್ಚಿಸಿದ್ದ ಪಡುವಣದ ಕಿಟಕಿ, ಹಾವಳಿ ಅಡಗಿದ ಮೇಲೂ ಹಾಗೇ ಇತ್ತು. ಮುದುಕನ ಬೆರಳು ಅಲ್ಲಿಗೇ ಹೋಗಿ ನಿಂತಿತು.

"ಅದನ್ನ ತೆಗೀಬ್ಯಾಡಪ್ಪಾ," ಅಂದರು ಅತ್ತೆ.

"ಹೊರಗ ನಿಂತದ್ದು ಬರೇ ಗಾಳಿರೀ, ತಾಯಿ. ಒಳಗ ಕರೀರಿ."

ಅಷ್ಟೇ ಹೇಳಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಧ್ಯಾಹ್ನದ ಧಗೆ ತಾಳಲಾರದೆ ಕೊನೆಗೆ ಅತ್ತೆಯೇ ಸುತ್ತಿಗೆ ತಂದು ಅವನ ಮುಂದಿಟ್ಟರು.

ಹಲಗೆ ಕಿತ್ತ. ಕಿತ್ತ ಮೊಳೆಗಳಲ್ಲಿ ಎರಡನ್ನು ಕುಟ್ಟಿ ನೆಟ್ಟಗೆ ಮಾಡಿ, ಚೌಕಟ್ಟಿಗೆ ಬಡಿದು, ಅವಕ್ಕೇ ತಟ್ಟಿ ತೂಗುಹಾಕಿದ. ನಾನು ಅದಕ್ಕೆ ಒಂದು ಕೊಡ ನೀರು ಎರಚಿದೆ. ಅಬ್ಬಾ! ಬೇರಿನ ಘಮ ಹೊತ್ತ ತಣ್ಣನೆ ಗಾಳಿ ಮನೆತುಂಬ ನುಗ್ಗಿತು! ಅತ್ತೆ ಸೆರಗು ಹರವಿ ನಿಂತು ಹುಡುಗಿಯಂತೆ ನಕ್ಕರು.

ಮುದುಕ ಉಳಿದ ಮೊಳೆಗಳನ್ನು ರುಮಾಲಿನ ತುದಿಗೆ ಕಟ್ಟಿಕೊಂಡ.

"ಅವು ನಮ್ಮವಲ್ಲೇನ್ರೀ?" ಅಂದೆ.

"ನಾ ಒಯ್ತೀನ್ರೀ, ಅವ್ವಾರ. ಇಲ್ಲೇ ಇದ್ರ ಮತ್ತ ಹಲಗಿ ಬಡೀತೀರಿ."