ಸಿಂಗಾಪುರದ ಪೆಟ್ಟಿಗೆಯಲ್ಲಿ ಉಣ್ಣೆ ಕೋಟು

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಆಲ್ದೂರಿನ ಸಂತೆಗೆ ಹೋದರೂ ಬಸ್ಸು ತಪ್ಪೀತೆಂದು ಅರ್ಧ ಸಾಮಾನು ಬಿಟ್ಟು ಓಡಿ ಬರುವವಳು. ಅಂಥವಳ ಎದುರು ನಮ್ಮ ಮನೆಯವರು ಒಂದು ದಿನ ಊಟದ ಮೇಜಿನ ಮೇಲೆ ಸಿಂಗಾಪುರದ ನಕ್ಷೆ ಹರಡಿ, ಮೂಲೆಗಳು ಸುರುಳಿಯಾಗದಂತೆ ಉಪ್ಪಿನಕಾಯಿ ಭರಣಿ, ಲೋಟಗಳನ್ನು ಇಟ್ಟು, "ಏಳು ದಿನ, ಒಂದೇ ಊರು. ಯಾವ ಗಡಿಬಿಡೀನೂ ಇಲ್ಲ" ಎಂದರು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕಾಫಿಗೆ ಒಳ್ಳೆಯ ಬೆಲೆ ಬಂದು, ನಮ್ಮ ಸುತ್ತಿನ ಪ್ಲಾಂಟರುಗಳು ಒಬ್ಬರ ಹಿಂದೆ ಒಬ್ಬರು ವಿಮಾನ ಹತ್ತುತ್ತಿದ್ದರು. ಚಿಕ್ಕಮಗಳೂರಿನ ಟ್ರಾವೆಲ್ಸಿನವನು ಐದು ದಿನಕ್ಕೆ ಮೂರು ದೇಶ ತೋರಿಸುತ್ತೇನೆಂದಾಗ ಇವರು ಕುರ್ಚಿಯಿಂದ ಎದ್ದೇ ಬಂದಿದ್ದರು. ಇಪ್ಪತ್ತೈದು ವರ್ಷ ಮುಂಜಾನೆ ಎದ್ದು ಕೆಲಸದವರ ಹಾಜರಿ ಹಿಡಿದವರಿಗೆ ಓಡೋಡಿ ಊರು ನೋಡುವ ಚಪಲ ಇರಲಿಲ್ಲ. ಹಾಜರಿ ಪುಸ್ತಕದ ಹಾಳೆಯೊಂದನ್ನು ಹರಿದು ಅದರ ಬೆನ್ನಿಗೆ ಕಾರ್ಯಕ್ರಮ ಬರೆದರು. ಮೊದಲ ದಿನ ನಿದ್ದೆ. ಎರಡನೆಯ ದಿನ ನದಿಯ ದಂಡೆಯಲ್ಲಿ ಬೆಂಚಿನ ಮೇಲೆ ಕೂರುವುದು. ಮೂರನೆಯ ದಿನ ಸಸ್ಯೋದ್ಯಾನ, ಹಿಡಿಸಿದರೆ ನಾಲ್ಕನೆಯ ದಿನವೂ ಅದೇ. ಹೊರಡುವ ವಾರವನ್ನೂ ಅಳೆದು ಸುರಿದು ಆರಿಸಿದರು. ಹಣ್ಣು ಕುಯ್ಲು ಮುಗಿದಿರಬೇಕು, ಕಾಫಿ ಗಿಡದಲ್ಲಿ ಹೂ ಅರಳಿಸುವ ಮೊದಲ ಮಳೆ ಇನ್ನೂ ಬಂದಿರಬಾರದು. ಫೆಬ್ರವರಿಯ ಕೊನೆ ಎಂದಾಯಿತು.

"ಬೆಂಚಿನ ಮೇಲೆ ಕೂತು ಎಂತ ಮಾಡ್ತೀರಿ?" ಎಂದು ಕೇಳಿದೆ.

"ಎಂತದೂ ಮಾಡೋದಿಲ್ಲ ಮಾರಾಯ್ತಿ. ಅದಕ್ಕೇ ಹೋಗೋದು."

ನನಗೆ ವಿಮಾನದ ಭಯವಿತ್ತು, ಚಲಿಸುವ ಮೆಟ್ಟಿಲಿನ ಭಯವಿತ್ತು. ಆದರೆ ಅವೆಲ್ಲ ಬರೀ ಮೇಲಿನ ಭಯ. ಒಳಗಿನದು ಬೇರೆ. ಹಿಂದಿನ ಮಳೆಗಾಲ ಇವರಿಗೆ ನಿಮೋನಿಯಾ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಒಂದೊಂದು ಉಸಿರಿಗೂ ಇವರ ಪಕ್ಕೆ ಹೇಗೆ ಒಳಕ್ಕೆ ಹೋಗುತ್ತಿತ್ತೆಂದು ಪಕ್ಕದಲ್ಲಿ ಕೂತು ನೋಡಿದವಳು ನಾನು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು, "ತಂಡಿ ತಾಗಿಸ್ಬೇಡಿ." ಇವರು ಅದನ್ನು ಗೇಟು ದಾಟುವ ಮೊದಲೇ ಮರೆತರು. ನಾನು ಮರೆಯಲಿಲ್ಲ. ಗುರುತಿಲ್ಲದ ದೇಶದಲ್ಲಿ ಇವರು ಜ್ವರದಿಂದ ಮಲಗಿದರೆ ಯಾರನ್ನು ಕೂಗಲಿ, ಯಾವ ಭಾಷೆಯಲ್ಲಿ ಕೂಗಲಿ ಎಂಬುದೇ ಹೊರಡುವ ಮೊದಲಿನ ಎರಡು ತಿಂಗಳೂ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಅದಕ್ಕೆ ಸರಿಯಾಗಿ, ಸಿಂಗಾಪುರ ನೋಡಿ ಬಂದಿದ್ದ ಪಕ್ಕದ ಎಸ್ಟೇಟಿನವರು ಒಂದು ಸಂಜೆ ಕಾಫಿಗೆ ಬಂದರು. ಹೆದರಿಸುವುದರಲ್ಲಿ ಅವರಿಗೆ ಒಂದು ಖುಷಿ.

"ಅಲ್ಲಿ ಕಾನೂನು ಅಂದ್ರೆ ಕಾನೂನು. ರಸ್ತೇಲಿ ಉಗುಳಂಗಿಲ್ಲ. ತಪ್ಪು ಮಾಡಿದ್ರೆ ಬೆತ್ತದಲ್ಲಿ ಬಾರಿಸ್ತಾರಂತೆ. ಏರ್‌ಪೋರ್ಟಲ್ಲಿ ಪೆಟ್ಟಿಗೆ ಹೊಟ್ಟೆಯೊಳಗೇ ಕಣ್ಣು ಹಾಕ್ತಾರೆ" ಎಂದರು. ಆಮೇಲೆ ಚಕ್ಕುಲಿ ಮುರಿಯುತ್ತ, "ಹೊರಗೆ ಸೆಕೆ. ಒಳಗೆ ಕಾಲಿಟ್ರೆ ಎಸಿ, ಮೂಳೆ ಕೊರೆಯುತ್ತೆ. ವಿಮಾನದಲ್ಲಂತೂ ಕೇಳ್ಬೇಡಿ."

ಕಾನೂನಿನ ಮಾತಿಗೆ ನಾನು ಕಿವಿಗೊಡಲಿಲ್ಲ. ನಾವು ಉಗುಳುವವರೂ ಅಲ್ಲ, ಕದಿಯುವವರೂ ಅಲ್ಲ. ಎಸಿಯ ಮಾತು ಮಾತ್ರ ನೆಟ್ಟಗೆ ಎದೆಗೆ ಹೋಗಿ ಕೂತಿತು.

ಮನೆಯಲ್ಲಿ ಇವರದೊಂದು ದಪ್ಪ ಉಣ್ಣೆ ಕೋಟಿತ್ತು. ಕುಯ್ಲಿನ ಚಳಿಯಲ್ಲಿ ಬೆಳಬೆಳಗ್ಗೆ ಅದನ್ನು ಹಾಕಿಕೊಂಡು, ಕೋವಿ ಹಿಡಿದು, ಗದ್ದೆಗೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಿ ಬರುತ್ತಿದ್ದರು. ಅದನ್ನು ತೆಗೆದುಕೊಳ್ಳಿ ಎಂದು ಮೂರು ಸಲ ಹೇಳಿದೆ. ಮೂರು ಸಲವೂ ನಕ್ಕರು. "ಸಿಂಗಾಪುರಕ್ಕೆ ಉಣ್ಣೆ ಕೋಟು! ಜನ ನನ್ನನ್ನೇ ನೋಡೋಕೆ ಟಿಕೆಟ್ ತಗೋತಾರೆ."

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವರೇ ಪೆಟ್ಟಿಗೆ ತುಂಬಿ, ಗೋಡೌನಿಗೆ ಒಯ್ದು, ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ ತೂಗುವ ತಕ್ಕಡಿಯ ಮೇಲಿಟ್ಟರು. ವಿಮಾನದವರು ಬಿಡುವುದು ಇಪ್ಪತ್ತು ಕಿಲೋ. ಹತ್ತೊಂಬತ್ತು ಬಂತು. ನಮ್ಮ ರೈಟರು, ಅಂದರೆ ತೋಟದ ಲೆಕ್ಕ ನೋಡುವ ಹಿರಿಯರು, ಮೂಟೆಗೆ ಬರೆದಂತೆಯೇ ಪೆಟ್ಟಿಗೆಯ ಬೆನ್ನಿಗೂ ಸೀಮೆಸುಣ್ಣದಲ್ಲಿ ಹತ್ತೊಂಬತ್ತು ಎಂದು ಬರೆದರು.

ಸಂಜೆ ಇವರು ಸ್ನಾನಕ್ಕೆ ಹೋದಾಗ ಪೆಟ್ಟಿಗೆ ತೆರೆದು, ಕೋಟನ್ನು ಅಡಿಗೆ ತುರುಕಿ, ಮೇಲೆ ಪಂಚೆ ಹರಡಿ ಮುಚ್ಚಿದೆ. ಒಗೆಯುವ ಬಟ್ಟೆಯಾದರೆ ಜೇಬು ನೋಡದೆ ನೀರಿಗೆ ಹಾಕುವವಳಲ್ಲ ನಾನು. ಉಣ್ಣೆಯದನ್ನು ಒಗೆಯುತ್ತಿರಲಿಲ್ಲ, ಬರೀ ಬಿಸಿಲಿಗೆ ಹಾಕುತ್ತಿದ್ದೆ. ಮೇಲಾಗಿ ಬಚ್ಚಲಿನಲ್ಲಿ ನೀರಿನ ಸದ್ದು ನಿಲ್ಲುವುದರೊಳಗೆ ಕೆಲಸ ಮುಗಿಯಬೇಕಿತ್ತು. ಮುಗಿಸಿದ ಮೇಲೆ ಎಷ್ಟೋ ದಿನಗಳ ನಂತರ ನನ್ನ ಮನಸ್ಸಿಗೆ ಸಮಾಧಾನವಾಯಿತು.

ಬೆಳಗ್ಗೆ ಕಣದಲ್ಲಿ ಜೀಪು ನಿಂತಿತ್ತು. ರೈಟರು ಪೆಟ್ಟಿಗೆ ಎತ್ತಿದವರು ಜೀಪಿಗೆ ಇಡದೆ ಗೋಡೌನಿಗೆ ತಿರುಗಿದರು. ನಮ್ಮಲ್ಲಿ ಹಿಂದಿನ ದಿನದ ತೂಕವನ್ನು ಯಾರೂ ನಂಬುವುದಿಲ್ಲ. ಗೇಟು ದಾಟುವ ಮೂಟೆಯನ್ನು ದಾಟುವ ಹೊತ್ತಿಗೆ ಇನ್ನೊಮ್ಮೆ ತೂಗಲೇಬೇಕು.

"ಸಾರ್, ಎರಡು ಕಿಲೋ ಜಾಸ್ತಿ ಬರ್ತಾ ಇದೆ," ರೈಟರು ಒಳಗಿಂದ ಕೂಗಿದರು. "ರಾತ್ರಿ ಮಂಜಿಗೆ ತೇವ ಎಳ್ಕೊಂಡಿರ್ಬೇಕು!"

ಇವರು ನಗುತ್ತ ಹೋಗಿ ಪೆಟ್ಟಿಗೆ ಬಿಚ್ಚಿ, ಕೋಟನ್ನು ಹೊರಗೆಳೆದು ನನ್ನ ಕಡೆ ನೋಡಿದರು. "ಎಂತದಿದು ಮಾರಾಯ್ತಿ!" ಎಂದು ಅದನ್ನು ನನ್ನೆದುರು ಜೋರಾಗಿ ಕೊಡವಿದರು. ಸಿಮೆಂಟು ನೆಲದ ಮೇಲೆ ಟಕ್ ಟಕ್ ಎಂದಿತು. ಕೆಂಪು ಮೈಯ ಎರಡು ಕಾಡತೂಸುಗಳು ಉರುಳಿ ಹೋಗಿ ತಕ್ಕಡಿಯ ಕಾಲಿಗೆ ತಾಗಿ ನಿಂತವು. ಕೋವಿಯಿಂದ ಹಾರದ ಎರಡು ಗುಂಡು, ಒಳಜೇಬಿನಲ್ಲಿ ಇದ್ದಂಥವು.

ಪೆಟ್ಟಿಗೆಯ ಹೊಟ್ಟೆಯೊಳಗೆ ಕಣ್ಣು ಹಾಕುವವರು, ಬೆತ್ತ, ಅರ್ಥವಾಗದ ಭಾಷೆಯಲ್ಲಿ ಇವರನ್ನು ಎಳೆದೊಯ್ಯುವುದು, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ಇವರು ಮೂಟೆಯೊಂದರ ಮೇಲೆ ಕುಸಿದು ಕೂತರು. ಕಾಡತೂಸುಗಳನ್ನು ಹೆಕ್ಕಿ ಅಂಗೈಯಲ್ಲಿಟ್ಟು ನೋಡಿದರು.

"ಅಲ್ಲಿ ಕೇಳಿದ್ರೆ ನಾನು ಆಣೆ ಮಾಡಿ ಹೇಳ್ತಿದ್ದೆ," ಎಂದರು ಮೆಲ್ಲಗೆ. "ನಾನು ಕೋಟು ಹಾಕೇ ಇಲ್ಲ, ಇದು ನನ್ನ ಪೆಟ್ಟಿಗೇನೇ ಅಲ್ಲ ಅಂತಿದ್ದೆ. ಯಾರು ನಂಬ್ತಿದ್ರು?"

"ರೀ, ನಾನೇ ಹಾಕಿದ್ದು. ನಿಮಗೆ ತಂಡಿ ಆಗ್ತದೆ ಅಂತ..." ಬೈಯಲಿ ಎಂದು ಕಾದೆ. ಬೈಯಲಿಲ್ಲ. ಬದುಕಿಡೀ ನನ್ನ ಪುಕ್ಕಲುತನಕ್ಕೆ ನಕ್ಕವರು ಒಮ್ಮೆ ನಕ್ಕುಬಿಡಲಿ ಎಂದು ಕಾದೆ. ನಗಲೂ ಇಲ್ಲ. ಪೆಟ್ಟಿಗೆಯ ಒಂದೊಂದೇ ಬಟ್ಟೆಯನ್ನು ಕಣದ ಬಿಸಿಲಿಗೆ ತಂದು, ಜೇಬು ಒಳಹೊರಗು ಮಾಡಿ, ಹೊಲಿಗೆ ಒತ್ತಿ ನೋಡಿದರು. ಎಲ್ಲವನ್ನೂ ಎರಡೆರಡು ಸಲ.

ಹೋಗಿ ಬಂದೆವು. ಇವರಿಗೆ ತಂಡಿ ಆಗಲಿಲ್ಲ. ಮೊದಲ ದಿನದ ನಿದ್ದೆ ಬರಲಿಲ್ಲ. ಎರಡನೆಯ ದಿನ, ಹಾಳೆಯಲ್ಲಿ ಬರೆದಿದ್ದಂತೆ, ನದಿಯ ದಂಡೆಯ ಬೆಂಚಿನ ಮೇಲೆ ಕೂತೆವು. ದೋಣಿಗಳು ಹೋಗುತ್ತಿದ್ದವು, ಗಾಳಿ ಹಿತವಾಗಿತ್ತು, ಅವರು ಬಯಸಿದ್ದು ಅಷ್ಟನ್ನೇ. ಪೊಲೀಸನೊಬ್ಬ ತನ್ನ ಪಾಡಿಗೆ ನಮ್ಮೆದುರು ಹಾದುಹೋದ. ಇವರ ಬಲಗೈ ಮೆಲ್ಲಗೆ ಎದೆಯ ಎಡಗಡೆಗೆ, ಕೋಟಿನ ಒಳಜೇಬು ಇರಬೇಕಾದ ಕಡೆಗೆ ಹೋಯಿತು. ಮೈಮೇಲೆ ಇದ್ದದ್ದು ಜೇಬೇ ಇಲ್ಲದ ತೆಳು ಟೀ ಶರ್ಟು. ಏಳು ದಿನವೂ ಆ ಕೈ ಹಾಗೇ ಹೋಗುತ್ತಿತ್ತು.