ಅಜ್ಜನ ಮಗ್ಗದ ಕುಣಿಯಲ್ಲಿ ಲ್ಯಾಪ್‌ಟಾಪ್

ನಮ್ಮ ಓಣಿಗೆಲ್ಲ ಒಂದೇ ಲ್ಯಾಪ್‌ಟಾಪ್ ಇದ್ದ ಕಾಲ ಅದು. ಅಕ್ಕನ ಕಾಲೇಜಿಗೆಂದು ಬನಹಟ್ಟಿಯ ನಮ್ಮ ಮನೆಗೆ ಬಂದದ್ದು, ಬೇಸಿಗೆ ಸೂಟಿ ಬಿದ್ದ ದಿನವೇ ನನ್ನದಾಗಿಬಿಟ್ಟಿತು. ನಾನಾಗ ಏಳನೆಯ ಇಯತ್ತೆ. ಮಾಳಿಗೆಯ ತಗಡಿನ ಕೋಣೆಯಲ್ಲಿ ಕುಳಿತು, ಚುರುಮುರಿಯ ಸೂಸಲ ಮುಕ್ಕುತ್ತ, ಕಾರು ಓಡಿಸುವ ಆಟವೊಂದೇ ನನ್ನ ಲೋಕ.

ಮುಂಜಾನೆ ಕಾರು ಬಾಣದಂತೆ ಓಡುತ್ತಿತ್ತು. ಮಧ್ಯಾಹ್ನ ತಗಡು ಕಾದಂತೆ ಲ್ಯಾಪ್‌ಟಾಪಿನ ಫ್ಯಾನು ಬೊಬ್ಬೆ ಹಾಕತೊಡಗುತ್ತಿತ್ತು. ತಿರುವು ಬಂದ ಕಡೆಯೆಲ್ಲ ಚಿತ್ರ ನಿಂತು ನಿಂತು ಸಾಗಿ, ಕಾರು ಗೋಡೆಗೆ ಬಡಿದಿರುತ್ತಿತ್ತು. ಅಕ್ಕನಿಗೆ ದೂರು ಕೊಟ್ಟೆ.

"ಕೋಣೀನ ಇಷ್ಟು ಕಾದ್ರ ಅದರ ಬಿಸಿ ಎಲ್ಲಿಗೆ ಹೋಗಬೇಕ ಹೇಳ? ಸುಟ್ಟು ಹೋಗಬಾರದಂತ ತಾನ ವೇಗ ಕಡಿಮಿ ಮಾಡ್ಕೋತೈತಿ. ತಂಪ ಇದ್ದಲ್ಲಿ ಇಡು" ಅಂದಳು.

ನಮ್ಮ ಮನೆಯಲ್ಲಿ ತಂಪು ಇದ್ದದ್ದು ಅಜ್ಜನ ಕೈಮಗ್ಗದ ಕುಣಿಯಲ್ಲಿ. ಮುಂದೆ ಅಪ್ಪನ ಪವರ್‌ಲೂಮುಗಳು ಗದ್ದಲ ಹಾಕುತ್ತಿದ್ದರೆ, ಹಿಂದಿನ ಖೋಲಿಯಲ್ಲಿ ಅಜ್ಜ ನೆಲದ ಕುಣಿಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ಬೇಸಿಗೆಗೆ ನೂಲು ಒಣಗಿ ಹರಿಯಬಾರದೆಂದು ಸುತ್ತಲಿನ ಮಣ್ಣಿಗೆ ನೀರು ಚಿಮುಕಿಸುತ್ತಿದ್ದ. ಹಸಿಮಣ್ಣು ಮತ್ತು ನೂಲಿನ ಗಂಜಿ ಸೇರಿದ ಆ ವಾಸನೆ ನನಗೆ ಇಂದಿಗೂ ಗುರುತು ಸಿಗುತ್ತದೆ. ಆ ವರ್ಷ ಮಗ್ಗದ ಮೇಲಿದ್ದದ್ದು ಅಕ್ಕನ ಮದುವೆಯ ಸೀರೆ. ಅದನ್ನೇ ಉಟ್ಟು ಅವಳು ಅಕ್ಷತೆ ಹಾಕಿಸಿಕೊಳ್ಳಬೇಕೆಂಬುದು ಅಜ್ಜನ ಹಟ. ಸೀರೆಯ ಮೈ ನೇಯ್ದು ಮುಗಿದು ಸೆರಗಷ್ಟೇ ಉಳಿದಿತ್ತು.

ಒಂದು ಮಧ್ಯಾಹ್ನ ಅಜ್ಜ ಊಟಕ್ಕೆ ಎದ್ದದ್ದೇ ತಡ, ನಾನು ಕುಣಿಗಿಳಿದೆ. ತುಳಿಯುವ ಹಲಗೆಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡಿದೆ. ಕಾರು ಒಮ್ಮೆಯೂ ತಡವರಿಸಲಿಲ್ಲ! ಗೆದ್ದೆನೆಂದು ಒಳಗಿಂದಲೇ ಕೂಗಿಕೊಂಡೆ.

ಅಜ್ಜ ಕೈ ಒರೆಸಿಕೊಳ್ಳುತ್ತ ಬಂದು ನಿಂತ. "ಏಳ ಯವ್ವಾ. ಈ ಕಿಟಕ್ಯಾಗ ಬಿಸಿಲು ಬರೂದು ಇನ್ನ ಎರಡ ತಾಸು. ಆ ಬೆಳಕಿನ್ಯಾಗ ಅಷ್ಟ ನನಗ ಎಳಿ ಕಾಣ್ತಾವು."

"ಇದೊಂದ ಆಟ ತಡಿ ಅಜ್ಜಾ."

"ಆತ ಬಿಡು, ಆಡು."

ಅಜ್ಜ ಬೀಸಣಿಕೆ ತಂದು, ಕುಣಿಯ ದಂಡೆಗೆ ಕುಳಿತು ಲ್ಯಾಪ್‌ಟಾಪಿಗೆ ಗಾಳಿ ಹಾಕತೊಡಗಿದ. "ಈಗ ಛಲೋ ಓಡಾಕತ್ತೈತೇನ?" ಎಂದು ಕೇಳಿದ. ನಾನು ತಲೆ ಎತ್ತದೆ ಹೂಂ ಅಂದೆ.

ಒಂದು ಆಟ ಎಲ್ಲಿ ಮುಗಿಯಬೇಕು! ಬಿಸಿಲು ಕಿಟಕಿ ದಾಟಿ ಹೋಯಿತು. ಮರುದಿನವೂ ಹಾಗೇ, ಆಮೇಲೆ ದಿನಾಲೂ ಹಾಗೇ. ಅಜ್ಜ ಮತ್ತೆ ಏಳು ಅನ್ನಲಿಲ್ಲ. ನಾನು ಬರುವ ಹೊತ್ತಿಗೆ ನೀರು ಚಿಮುಕಿಸಿ ಇಟ್ಟಿರುತ್ತಿದ್ದ. ಅವನ ಸಲಿಗೆಯನ್ನು ನಾನು ನನ್ನ ಹಕ್ಕು ಎಂದುಕೊಂಡೆ. ಸೆರಗು ಉಳಿದಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲಾರೆ.

ಜೂನ್ ಬಂತು. ಮೋಡ ಕವಿದು ಕಿಟಕಿಯ ಬಿಸಿಲು ನಿಂತಿತು. ಮದುವೆಯಲ್ಲಿ ಅಕ್ಕ ಅಂಗಡಿಯ ಸೀರೆ ಉಟ್ಟಳು. ಅಜ್ಜ ಎಲ್ಲರೆದುರು, "ನನ್ನ ಕಣ್ಣು ಕೈ ಕೊಟ್ಟೂರಿ" ಎಂದು ನಕ್ಕ. ಅವನು ಮುಂದಿನ ಬೇಸಿಗೆ ನೋಡಲಿಲ್ಲ. ಅಪ್ಪ ಸೀರೆಯನ್ನು ಇದ್ದಷ್ಟೇ ಕತ್ತರಿಸಿ ಮಗ್ಗದಿಂದ ಇಳಿಸಿದ.

ಈಗ ಕುಣಿ ಮುಚ್ಚಿ ಮೇಲೆ ಕಲ್ಲಿನ ಫರಸಿ ಹಾಕಿದ್ದಾರೆ. ಜಮಖಂಡಿಯ ನನ್ನ ಕೋಣೆಯಲ್ಲಿ ಏಸಿ ಇದೆ. ಆಟ ಎಲ್ಲಿಯೂ ನಿಲ್ಲುವುದಿಲ್ಲ, ಆಡುವ ಮನಸ್ಸಿಲ್ಲ ಅಷ್ಟೆ. ಮೊನ್ನೆ ಅಕ್ಕನ ಮನೆಯಲ್ಲಿ ಆ ಸೀರೆಯನ್ನು ಟ್ರಂಕಿನಿಂದ ತೆಗೆಸಿ ಉಟ್ಟು ನೋಡಿದೆ. ನಿರಿಗೆ ಹಿಡಿದು, ಎದೆಯ ಮೇಲೆ ಹಾಯಿಸಿದೆ. ಹೆಗಲಿಗೆ ಬರುವಷ್ಟರಲ್ಲಿ ಬಟ್ಟೆ ಮುಗಿದುಹೋಯಿತು.